ನೂರು ಕೋಟಿಯಲ್ಲಿ ಏಳು ಪಾಲು

ಆರೋಗ್ಯವಂತ ಗಂಡಸಿನ ಎದೆ ಒಮ್ಮೆ ಬಡಿಯುವಷ್ಟರಲ್ಲಿ ಅವನ ದೇಹದಲ್ಲಿ ಸಾವಿರದಷ್ಟು ವೀರ್ಯಾಣುಗಳು ತಯಾರಾಗುತ್ತವೆ. ದಿನಕ್ಕೆ ಹತ್ತು ಕೋಟಿಯ ಲೆಕ್ಕ. ಒಂದೊಂದೂ ಬಲಿತು ಸಿದ್ಧವಾಗಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕು.

ಇದಕ್ಕೆಲ್ಲ ಅಪ್ಪಣೆ ಕೊಡುವ ಟೆಸ್ಟೋಸ್ಟೆರಾನ್ ಹಾರ್ಮೋನು ರಕ್ತದಲ್ಲಿ ಎಷ್ಟಿರುತ್ತದೆ? ಒಂದು ಮಿಲಿಲೀಟರಿಗೆ ಸುಮಾರು 5 ನ್ಯಾನೋಗ್ರಾಂ. ಅಂದರೆ ನೂರು ಕೋಟಿ ಪಾಲಿನಲ್ಲಿ ಬರೀ ಐದು ಪಾಲು. ಮೈಯ ಐದು ಲೀಟರ್ ರಕ್ತದಲ್ಲಿರುವುದನ್ನೆಲ್ಲ ಕೂಡಿಹಾಕಿದರೂ 25 ಮೈಕ್ರೋಗ್ರಾಂ; ಪುಡಿ ಉಪ್ಪಿನ ಒಂದೇ ಕಣ ಅದಕ್ಕಿಂತ ಭಾರ. ಗಡ್ಡ, ಮೀಸೆ, ಒಡೆದ ದನಿ, ಮಕ್ಕಳಾಗುವ ಶಕ್ತಿ ಎಲ್ಲವೂ ಇಷ್ಟರಲ್ಲೇ ನಡೆಯುತ್ತದೆ.

ಈಗ ಕೇರಳದ ಕಾಸರಗೋಡಿಗೆ ಬನ್ನಿ. ಅಲ್ಲಿನ ಗೇರು ತೋಟಗಳ ಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ತೋಟದ ಬುಡದಲ್ಲಿದ್ದ ಹಳ್ಳಿಯ 117 ಹುಡುಗರನ್ನೂ ಸಿಂಪಡಣೆಯಿಲ್ಲದ ಊರಿನ 90 ಹುಡುಗರನ್ನೂ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿದರು. 2003ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಳ್ಳಿಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ ನೂರು ಕೋಟಿಗೆ ಏಳು ಪಾಲು. ಇನ್ನೊಂದು ಊರಿನವರಲ್ಲಿ ಒಂದೂ ಚಿಲ್ಲರೆ. ಏಳು ಎಷ್ಟು ಸಣ್ಣ ಸಂಖ್ಯೆ! ಆದರೆ ಬೆಳೆದ ಗಂಡಸಿನ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಇರುವುದೇ ಐದು ಪಾಲು. ವಿಷ ಹಾರ್ಮೋನಿನ ಸರಿಸಮಕ್ಕೆ ನಿಂತಿತ್ತು. ಸಿಂಪಡಣೆಗೆ ಒಡ್ಡಿಕೊಂಡ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು, ಅವರ ಟೆಸ್ಟೋಸ್ಟೆರಾನ್ ಕುಗ್ಗಿತ್ತು. ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ತಡೆದದ್ದು 2011ರ ಮೇ 13ರಂದು, ಈ ವರದಿ ಬಂದು ಸುಮಾರು ಎಂಟು ವರ್ಷಗಳ ಮೇಲೆ.

ಇನ್ನು ಲೋಕದ ಲೆಕ್ಕ. 53 ದೇಶಗಳ 57,168 ಗಂಡಸರ ಮಾಹಿತಿಯನ್ನು ಒಟ್ಟುಗೂಡಿಸಿದ ಅಧ್ಯಯನವೊಂದು 2022ರಲ್ಲಿ ಹೊರಬಂತು. ಅದರ ಪ್ರಕಾರ 1973ರಲ್ಲಿ ಮಿಲಿಲೀಟರಿಗೆ 10 ಕೋಟಿಯಷ್ಟಿದ್ದ ವೀರ್ಯಾಣುಗಳು 2018ರ ಹೊತ್ತಿಗೆ 4.9 ಕೋಟಿಗೆ ಇಳಿದಿದ್ದವು. 45 ವರ್ಷಗಳಲ್ಲಿ ಅರ್ಧ! ಬೊಜ್ಜು, ಧೂಮಪಾನಗಳ ಪಾಲೂ ಇದರಲ್ಲಿರಬಹುದು. ಆದರೆ ಪ್ಲಾಸ್ಟಿಕ್ಕನ್ನು ಮೆದುಗೊಳಿಸುವ ಥ್ಯಾಲೇಟುಗಳು, ಹಲವು ಕೀಟನಾಶಕಗಳು ಹಾರ್ಮೋನಿನ ಕೆಲಸ ಕೆಡಿಸುವುದು ಪ್ರಯೋಗಶಾಲೆಯಲ್ಲಿ ಕಂಡ ಸತ್ಯ. ಗಂಡು ಶಿಶುವಿನ ಜನನಾಂಗಗಳಿಗೆ ರೂಪ ಕೊಡುವ ನಿರ್ಣಾಯಕ ಕಾಲ ಗರ್ಭದ ಎಂಟರಿಂದ ಹದಿನಾಲ್ಕನೆಯ ವಾರ. ತಾಯಿಗೆ ಬಸಿರು ಖಚಿತವಾಗುವ ಹೊತ್ತಿಗೆ ಕೆಲವು ಸಲ ಆ ಕಾಲ ಶುರುವಾಗಿರುತ್ತದೆ.

ಆದ್ದರಿಂದ “ತೀರಾ ಕಡಿಮೆ ಪ್ರಮಾಣ, ಏನೂ ಆಗದು” ಎಂಬ ಸಮಾಧಾನವನ್ನು ನಾವು ಒಪ್ಪಬಾರದು. ದೇಹ ನೂರು ಕೋಟಿಯ ಪಾಲಿನಲ್ಲಿ ಲೆಕ್ಕ ಇಡುವಾಗ, ರಾಸಾಯನಿಕಕ್ಕೆ ಪರವಾನಗಿ ಕೊಡುವವರೂ ಅದೇ ಅಳತೆಯಲ್ಲಿ ಪರೀಕ್ಷಿಸಬೇಕು. ಆ ಪರೀಕ್ಷೆ ಹೊಲಕ್ಕೆ, ಅಡುಗೆಮನೆಗೆ ರಾಸಾಯನಿಕ ಬರುವ ಮೊದಲೇ ಆಗಬೇಕು, ಮಕ್ಕಳ ರಕ್ತದಲ್ಲಿ ಸಿಕ್ಕ ಮೇಲೆ ಅಲ್ಲ.