ಬಾಡದ ಎಲೆಯ ಚಕ್ರಮಾಲೆ

ಕೊಡಗಿನ ದಕ್ಷಿಣದ ಅಂಚಿನಲ್ಲಿ, ವಯನಾಡಿನ ಗಡಿಗೆ ತಾಗಿಕೊಂಡಿರುವ ಊರು ಕುಟ್ಟ. ಡಿಸೆಂಬರ್ ತಿಂಗಳಲ್ಲಿ ಅಲ್ಲಿ ಮಳೆ ಹಿಂದೆ ಸರಿದು ಗಾಳಿ ಒಣಗತೊಡಗುತ್ತದೆ. ತೋಟಗಳಲ್ಲಿ ಕಾಫಿಯ ಹಣ್ಣು ಕೆಂಪೇರುತ್ತಿರುತ್ತದೆ. ಕ್ರಿಸ್‌ಮಸ್ ಹಬ್ಬ ಬರುವುದೂ ಆಗಲೇ. ಕೊಡಗಿಗೆ ಈ ಹಬ್ಬ ಹೊಸದಲ್ಲ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು ಸ್ಥಾಪನೆಯಾದುದು 1792ರಲ್ಲಿ. ಹಬ್ಬದಂದು ಬಾಗಿಲಿಗೆ ತೂಗುಹಾಕುವ ಹಸುರೆಲೆಯ ಚಕ್ರಮಾಲೆಗೆ ಯುರೋಪಿನವರು ಫರ್, ಐವಿ ಮೊದಲಾದ ನಿತ್ಯಹರಿತ ಸಸ್ಯಗಳನ್ನು ಬಳಸುತ್ತಾರೆ. ನಮ್ಮ ಹಿತ್ತಿಲಿನಿಂದ ನಾವು ಯಾವ ಎಲೆಯನ್ನು ಆರಿಸಬೇಕು? ಇಂದು ಕಟ್ಟಿದ ಮಾಲೆ ನಾಳೆಯೇ ಜೋತುಬೀಳಬಾರದಷ್ಟೆ. ಇದಕ್ಕೆ ಉತ್ತರವನ್ನು ಸಸ್ಯಶಾಸ್ತ್ರದಲ್ಲಿ ಹುಡುಕೋಣ.

ಗಿಡದಿಂದ ಕತ್ತರಿಸಿದ ಕೂಡಲೆ ಎಲೆ ಸಾಯುವುದಿಲ್ಲ. ಬೇರಿನಿಂದ ಬರುವ ನೀರು ಮಾತ್ರ ನಿಂತುಹೋಗುತ್ತದೆ. ಹೊರಗೆ ಹೋಗುವ ನೀರು ನಿಲ್ಲುವುದಿಲ್ಲ. ಎಲೆಯ ಮೈಯಲ್ಲಿರುವ ಅತಿ ಸೂಕ್ಷ್ಮವಾದ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೊರಹೋಗುವುದನ್ನು ಬಾಷ್ಪವಿಸರ್ಜನೆ ಎನ್ನುತ್ತೇವೆ. ನೀರು ಕಡಿಮೆಯಾದಂತೆ ಈ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಆದರೂ ಎಲೆಯ ಹೊರಚರ್ಮದ ಮೂಲಕ ತೇವ ಸ್ವಲ್ಪಸ್ವಲ್ಪವಾಗಿ ಸೋರುತ್ತಲೇ ಇರುತ್ತದೆ. ಆ ಚರ್ಮದ ಮೇಲಿನ ಮೇಣದ ಪೊರೆ ಬಲವಾಗಿದ್ದರೆ ಸೋರಿಕೆ ನಿಧಾನ.

ಇನ್ನೊಂದು ವಿಷಯವುಂಟು. ತೋಟದಲ್ಲಿ ನೆರಳಿಗಾಗಿ ಬೆಳೆಸುವ ಹಾಲುವಾಣದ ಎಲೆ ತೆಳು. ಗಾಳಿ ತುಂಬಿದ ಸೈಕಲ್ ಟ್ಯೂಬಿನಂತೆ, ಅದು ಜೀವಕೋಶಗಳೊಳಗಿನ ನೀರಿನ ಒತ್ತಡದಿಂದಲೇ ಬಿಗಿಯಾಗಿ ನಿಂತಿರುತ್ತದೆ. ನೀರು ಹೋದರೆ ಕುಸಿಯುತ್ತದೆ. ಹಲಸು, ಮಾವುಗಳ ಎಲೆಯಲ್ಲಾದರೋ ಗಟ್ಟಿಯಾದ ನಾರುಗಳೂ ಇರುವುದರಿಂದ, ನೀರು ಕಡಿಮೆಯಾದರೂ ಆಕಾರ ಬೇಗ ಕೆಡದು. ನಮ್ಮ ಹಿರಿಯರು ತೋರಣಕ್ಕೆ ಮಾವಿನೆಲೆಯನ್ನು ಆರಿಸಿದುದು ಎಷ್ಟು ಉಚಿತವೆಂಬುದು ಇದರಿಂದ ತಿಳಿಯುತ್ತದೆ. ಮೆಣಸಿನ ಬಳ್ಳಿಗೆ ಆಸರೆಯಾಗಿರುವ ಸಿಲ್ವರ್ ಓಕ್ ಮರವೂ ನಮಗೆ ಉಪಯುಕ್ತ. ಆಸ್ಟ್ರೇಲಿಯದಿಂದ ಬಂದ ಈ ಮರ ಹೆಸರಿಗೆ ಮಾತ್ರ ಓಕ್. ಅದರ ಎಲೆಯ ಕೆಳಮೈಯ ಬೆಳ್ಳಿಬಣ್ಣದ ರೋಮಗಳು ತೇವವಾದ ಗಾಳಿಯನ್ನು ಹಿಡಿದಿಟ್ಟು ಆವಿಯ ವೇಗವನ್ನು ತಗ್ಗಿಸುತ್ತವೆ.

ಇದನ್ನು ಪರೀಕ್ಷಿಸುವುದು ಸುಲಭ. ಒಂದೇ ಅಳತೆಯ ನಾಲ್ಕು ಹಲಸಿನೆಲೆಗಳನ್ನು ಕಿತ್ತು, ತೊಟ್ಟಿನ ತುದಿಗೆಲ್ಲ ವ್ಯಾಸಲೀನ್ ಹಚ್ಚಿರಿ. ಬಳಿಕ ಒಂದರ ಮೇಲ್ಮೈಗೆ, ಇನ್ನೊಂದರ ಕೆಳಮೈಗೆ, ಮೂರನೆಯದರ ಎರಡೂ ಮೈಗೆ ಅದನ್ನೇ ಸವರಿ, ನಾಲ್ಕನೆಯದನ್ನು ಹಾಗೆಯೇ ಬಿಟ್ಟು, ನೆರಳಿನಲ್ಲಿ ದಾರದಿಂದ ತೂಗುಹಾಕಿರಿ. ಕೆಲವು ದಿನಗಳಲ್ಲಿ ಮೊದಲನೆಯದೂ ನಾಲ್ಕನೆಯದೂ ಮುಂಚೆ ಬಾಡುವುದನ್ನು ಕಾಣುವಿರಿ. ಹಲಸಿನ ಪತ್ರರಂಧ್ರಗಳಿರುವುದು ಕೆಳಮೈಯಲ್ಲಿ ಎಂಬುದೇ ಇದರ ಅರ್ಥ.

ಇನ್ನು ಕಟ್ಟುವ ಕೆಲಸ. ರಾತ್ರಿಯೆಲ್ಲ ನೀರು ಕುಡಿದ ರೆಂಬೆಗಳನ್ನು ಮುಂಜಾನೆಯೇ ಕತ್ತರಿಸಬೇಕು. ಅವುಗಳ ಬುಡವನ್ನು ಬಕೆಟ್ಟಿನ ನೀರಿನೊಳಗೇ ಇನ್ನೊಮ್ಮೆ ಓರೆಯಾಗಿ ಕತ್ತರಿಸಿದರೆ ನೀರ್ನಾಳಗಳಿಗೆ ಗಾಳಿ ನುಗ್ಗದು. ಒಂದು ರಾತ್ರಿ ಅಲ್ಲಿಯೇ ಇರಲಿ. ಬಿದಿರಿನ ಸೀಳನ್ನು 30 ಸೆಂಟಿಮೀಟರ್ ವ್ಯಾಸದ ಬಳೆಯಾಗಿ ಬಗ್ಗಿಸಿ, ನೆನೆಸಿದ ತೆಂಗಿನ ನಾರನ್ನು ಅದಕ್ಕೆ ಸುತ್ತಿರಿ. ಬಳೆಯ ಸುತ್ತಳತೆ ಸುಮಾರು 94 ಸೆಂಟಿಮೀಟರ್; 6 ಸೆಂಟಿಮೀಟರಿಗೊಂದರಂತೆ 16 ಎಲೆಗೊಂಚಲು ಸಾಕು. ಒಂದರ ಬುಡವನ್ನು ಮುಂದಿನದರ ಎಲೆ ಮುಚ್ಚುವಂತೆ, ಎಲ್ಲವನ್ನೂ ಒಂದೇ ದಿಕ್ಕಿಗೆ ಬಾಳೆನಾರಿನಿಂದ ಬಿಗಿಯಿರಿ. ಬಿಸಿಲು ತಾಗದೆಡೆ ತೂಗುಹಾಕಿ, ಸಂಜೆ ನೀರು ಚಿಮುಕಿಸಿರಿ.

ಆದರೆ ಬಾಡದಿರುವುದೊಂದೇ ಯೋಗ್ಯತೆಯಲ್ಲ. ಕಣಗಿಲೆಯ ಪತ್ರರಂಧ್ರಗಳು ರೋಮ ತುಂಬಿದ ಕುಳಿಗಳೊಳಗೆ ಅಡಗಿವೆ. ನೀರನ್ನು ಕಾಯುವುದರಲ್ಲಿ ಅದು ನಿಪುಣ. ಆದರೆ ಅದರ ಎಲೆ ವಿಷ. ಹಬ್ಬದ ನಂತರ ಎಸೆದ ಮಾಲೆಯನ್ನು ಹಸು ತಿಂದರೆ ಪ್ರಾಣಕ್ಕೇ ಅಪಾಯ. ಆದುದರಿಂದ ಅದನ್ನು ಸೇರಿಸಲಾಗದು.

ಕೆಂಪಿಗಾಗಿ ಕಾಫಿಯ ಹಣ್ಣನ್ನು ಪೋಣಿಸೋಣವೆಂದು ಯಾರಿಗಾದರೂ ಅನ್ನಿಸಬಹುದು. ಅದೂ ಬೇಡ. ಕಾಯಿಕೊರಕವೆಂಬ, ಎರಡು ಮಿಲಿಮೀಟರೂ ಉದ್ದವಿಲ್ಲದ ಕರಿಯ ದುಂಬಿ ಕಾಯಿಯ ತುದಿಯನ್ನು ಕೊರೆದು ಒಳಗೆ ಸಂತಾನ ಬೆಳೆಸುತ್ತದೆ. ಭಾರತದಲ್ಲಿ ಅದು ಮೊದಲು ಕಂಡುಬಂದುದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅನಂತರ ಕೊಡಗಿಗೂ ಹರಡಿತು. ಕುಯ್ಲಿನ ಬಳಿಕ ಗಿಡದಲ್ಲಿಯೂ ನೆಲದಲ್ಲಿಯೂ ಉಳಿದ ಕಾಯಿಗಳನ್ನು ಬೆಳೆಗಾರರು ಆಯ್ದು ತೆಗೆಯುವುದು, ಕೀಟ ಅವುಗಳಲ್ಲಿ ಮುಂದಿನ ಬೆಳೆಯವರೆಗೆ ಬದುಕಿರಬಲ್ಲುದೆಂದೇ. ಬಾಗಿಲಲ್ಲಿ ತೂಗಿ ಒಣಗುವ ಹಣ್ಣೂ ಅಂಥದೇ ಒಂದು ಆಶ್ರಯವಾದೀತು. ಅದರ ಬದಲು ಒಣಗಿದರೂ ಕೆಂಪಳಿಯದ ಬ್ಯಾಡಗಿ ಮೆಣಸಿನಕಾಯಿಯನ್ನು ಕಟ್ಟಬಹುದಲ್ಲ!

ಹಬ್ಬ ಮುಗಿದ ಮೇಲೆ ದಾರ ಬಿಚ್ಚಿ, ಎಲೆಯನ್ನು ಗೊಬ್ಬರದ ಗುಂಡಿಗೆ ಹಾಕೋಣ. ತೋಟದಿಂದ ತಂದುದು ತೋಟಕ್ಕೇ ಸೇರಲಿ.