ಎಣಿಸದ ಹಕ್ಕಿ ಸೊನ್ನೆಯಲ್ಲ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿಬಂದ ಹಕ್ಕಿಪ್ರಿಯರು ಇ-ಬರ್ಡ್ ಜಾಲತಾಣಕ್ಕೆ ಪಟ್ಟಿ ಏರಿಸುವಾಗ ಹೆಜ್ಜಾರ್ಲೆ ಎಷ್ಟು, ಬಣ್ಣದ ಕೊಕ್ಕರೆ ಎಷ್ಟು ಎಂದು ಸಂಖ್ಯೆ ಬರೆಯುತ್ತಾರೆ. ಎಣಿಸಲಾಗದಿದ್ದರೆ ಸಂಖ್ಯೆಯ ಜಾಗದಲ್ಲಿ ‘ಎಕ್ಸ್’ ಅಕ್ಷರ ಹಾಕಬಹುದು. ಹಕ್ಕಿ ಇತ್ತು, ಲೆಕ್ಕ ಸಿಗಲಿಲ್ಲ ಎಂದು ಅದರ ಅರ್ಥ. 2002ರಲ್ಲಿ ಶುರುವಾದ ಈ ತಾಣದ ವಿನ್ಯಾಸದಲ್ಲಿ ನನಗೆ ತುಂಬ ಹಿಡಿಸಿದ್ದು ಈ ಒಂದಕ್ಷರ. ಗೊತ್ತಿಲ್ಲದ್ದಕ್ಕೆ ಸುಳ್ಳು ಸಂಖ್ಯೆ ಬರೆಯಬೇಕಾಗಿಲ್ಲ.

ಇಂಥ ಮಾಹಿತಿಯನ್ನು ಪರದೆಯ ಮೇಲೆ ತೋರಿಸುವ ವೆಬ್ ಪುಟ ಮಾತ್ರ ಇಲ್ಲೇ ಎಡವುತ್ತದೆ. ಬ್ರೌಸರಿನೊಳಗೆ ಓಡುವ ಜಾವಾಸ್ಕ್ರಿಪ್ಟ್‌ಗೆ 12ರ ಜೊತೆ ಎಕ್ಸ್ ಕೂಡಿಸು ಎಂದರೆ ಅದು ತಕರಾರು ಮಾಡದೆ ಎರಡನ್ನೂ ಅಂಟಿಸಿ ‘12ಎಕ್ಸ್’ ಎಂದು ಕೊಡುತ್ತದೆ. ಎಕ್ಸ್ ಸೊನ್ನೆಗಿಂತ ದೊಡ್ಡದೇ ಎಂದು ಕೇಳಿದರೆ ಅಲ್ಲ ಎನ್ನುತ್ತದೆ. ‘ಸೊನ್ನೆಗಿಂತ ಹೆಚ್ಚಿದ್ದರೆ ಹೆಸರು ತೋರಿಸು’ ಎಂದು ಪುಟದ ಅಚ್ಚಾದ ಟೆಂಪ್ಲೇಟಿನಲ್ಲಿ ಬರೆದಿದ್ದರೆ, ಕಣ್ಣಾರೆ ಕಂಡ ಹೆಜ್ಜಾರ್ಲೆ ಪುಟದಿಂದ ಮಾಯವಾಗುತ್ತದೆ. ದೋಷದ ಸಂದೇಶವೂ ಬರುವುದಿಲ್ಲ.

ಜಾವಾಸ್ಕ್ರಿಪ್ಟ್‌ಗೆ ಟೈಪ್ (ಮೌಲ್ಯದ ಜಾತಿ) ಸೇರಿಸಿದ ಟೈಪ್‌ಸ್ಕ್ರಿಪ್ಟ್ ಭಾಷೆಯಲ್ಲಿ ಇದಕ್ಕಿರುವ ಮದ್ದು ಯೂನಿಯನ್ ಟೈಪ್. ಮೈಕ್ರೋಸಾಫ್ಟ್ 2012ರಲ್ಲಿ ಹೊರತಂದ ಈ ಭಾಷೆಗೆ ಯೂನಿಯನ್ ಸೇರಿದ್ದು 2015ರ ಹೊತ್ತಿಗೆ. ‘ಇಲ್ಲಿ ಸಂಖ್ಯೆ ಇರಬಹುದು, ಇಲ್ಲವೇ ಎಕ್ಸ್ ಇರಬಹುದು’ ಎಂದು ಮೊದಲೇ ಬರೆದಿಟ್ಟರೆ, ಎರಡರಲ್ಲಿ ಯಾವುದು ಎಂದು ವಿಚಾರಿಸದೆ ಲೆಕ್ಕ ಮಾಡಹೊರಟ ಸಾಲನ್ನು, ಕೋಡನ್ನು ಓಡುವ ಮುನ್ನ ಪರೀಕ್ಷಿಸುವ ಕಂಪೈಲರ್ ತಡೆಯುತ್ತದೆ. ‘ಸಂಖ್ಯೆಯೇ?’ ಎಂದು ವಿಚಾರಿಸಿ ಹೌದೆಂದಾದ ಕವಲಿನೊಳಗೆ ಅದು ಸಂಖ್ಯೆಯೇ ಎಂದು ಕಂಪೈಲರಿಗೆ ಖಾತ್ರಿಯಾಗುತ್ತದೆ; ಟೈಪ್ ಕಿರಿದಾಗುವುದು ಎಂದರೆ ಇದೇ.

ಊರಿನ ಒಂದೊಂದು ಮರಕ್ಕೂ ಗೂಡುಗಳ ಲೆಕ್ಕ ತೋರಿಸುವ ಪುಟವೊಂದನ್ನು ಮಾಡುತ್ತೀರಿ ಎಂದುಕೊಳ್ಳಿ. ಹುಣಸೆಮರದಲ್ಲಿ ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ಒಟ್ಟಿಗೆ ಗೂಡು ಕಟ್ಟುತ್ತವೆ, ಎಲೆಗಳ ಮರೆಯಲ್ಲಿ ಎಣಿಕೆ ಸುಲಭವಲ್ಲ. ಒಂದು ಮರದಲ್ಲಿ ಇಷ್ಟು ಗೂಡು ಎಂದು ಎಣಿಸಿರುತ್ತಾರೆ. ಇನ್ನೊಂದರಲ್ಲಿ ಗೂಡು ಕಂಡಿದೆ, ಎಣಿಸಿಲ್ಲ. ಮತ್ತೊಂದರ ಬಳಿಗೆ ಯಾರೂ ಹೋಗಿಯೇ ಇಲ್ಲ. ಅದರಾಚೆಯ ಮರವನ್ನು ಕೂಲಂಕಷವಾಗಿ ನೋಡಿ ಸೊನ್ನೆ ಎಂದು ಬರೆದಿದ್ದಾರೆ. ‘ಲೆಕ್ಕ ಇದ್ದರೆ ತೋರಿಸು’ ಎಂಬ ಸರಳ ಷರತ್ತು ಸೊನ್ನೆಯನ್ನೂ ಹೋಗದಿರುವುದನ್ನೂ ಒಂದೇ ಎಂದು ಬಗೆಯುತ್ತದೆ. ಗೂಡಿಗೆ ಮರ ಬಿಟ್ಟುಕೊಟ್ಟು ಹುಣಸೆ ಫಸಲು ಕಳೆದುಕೊಳ್ಳುವ ಮನೆಗಳಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತಾ ಬಂದಿರುವ ಊರು ಇದು. 2007ರಿಂದ ಸಮುದಾಯ ಮೀಸಲು ಪ್ರದೇಶವೂ ಹೌದು. ಯಾರೂ ನೋಡದ ಮರಕ್ಕೆ ಇಲ್ಲಿ ‘ಗೂಡಿಲ್ಲ’ ಎಂದು ಹಣೆಪಟ್ಟಿ ಹಚ್ಚುವುದು ಸಣ್ಣ ತಪ್ಪಲ್ಲ.

ಆದ್ದರಿಂದ ಪ್ರತಿ ದಾಖಲೆಗೂ ‘ಬಗೆ’ ಎಂಬ ಒಂದು ಅಂಕಣ ಕೊಡುವುದು ಒಳ್ಳೆಯದು: ಎಣಿಸಿದೆ, ಕಂಡಿದೆ, ನೋಡಿಲ್ಲ. ಗೂಡಿನ ಸಂಖ್ಯೆ ಇರುವುದು ಮೊದಲನೆಯದರಲ್ಲಿ ಮಾತ್ರ, ಸೊನ್ನೆಯೂ ಅಲ್ಲಿಯೇ. ಟೆಂಪ್ಲೇಟ್ ಮೊದಲು ಬಗೆ ನೋಡಿ ಕವಲೊಡೆಯುತ್ತದೆ, ಆಮೇಲೆ ಒಳಗಿನದನ್ನು ಮುಟ್ಟುತ್ತದೆ. ನಾಳೆ ಯಾರೋ ‘ಅಂದಾಜು’ ಎಂಬ ನಾಲ್ಕನೆಯ ಬಗೆ ಸೇರಿಸಿ ಅದಕ್ಕೆ ಕನಿಷ್ಠ, ಗರಿಷ್ಠ ಎಂಬ ಎರಡು ಸಂಖ್ಯೆ ಕೊಡುತ್ತಾರೆ ಎನ್ನಿ. ಕೊನೆಯ ಕವಲಿನಲ್ಲಿ ‘ಇಲ್ಲಿಗೆ ಯಾವುದೂ ಬರಕೂಡದು’ ಎಂದು ‘ನೆವರ್’ ಟೈಪ್ ಬಳಸಿ ಬರೆದಿದ್ದರೆ, ಆ ಹೊಸ ಬಗೆಯನ್ನು ಮರೆತ ಜಾಗಗಳನ್ನೆಲ್ಲ ಕಂಪೈಲರ್ ಹುಡುಕಿ ತೋರಿಸುತ್ತದೆ. ಮನುಷ್ಯನ ನೆನಪಿಗಿಂತ ಇದನ್ನು ನಾನು ಹೆಚ್ಚು ನಂಬುತ್ತೇನೆ.

ಟೆಂಪ್ಲೇಟಿನೊಳಗೆ ಈ ಕಾವಲು ಬಂದದ್ದು ನಿಧಾನವಾಗಿ. ಟೆಂಪ್ಲೇಟ್ ಎಂದರೆ ಬಹಳ ಕಾಲ ಬರೀ ಅಕ್ಷರಗಳ ಸರಮಾಲೆ, ಟೈಪ್ ಪರೀಕ್ಷಕನ ಕಣ್ಣು ಅಲ್ಲಿಗೆ ಹೋಗುತ್ತಿರಲಿಲ್ಲ. ವೆಬ್ ಪುಟ ಕಟ್ಟುವ ಚೌಕಟ್ಟಾದ ಆಂಗ್ಯುಲರ್ ಇದಕ್ಕೆ ಒಂದು ಉಪಾಯ ಹೂಡಿತು. ಟೆಂಪ್ಲೇಟನ್ನು ತೆರೆಮರೆಯಲ್ಲಿ ಟೈಪ್‌ಸ್ಕ್ರಿಪ್ಟ್ ಕೋಡ್ ಆಗಿ ಬದಲಿಸಿ, ಪರೀಕ್ಷೆಗೆಂದೇ ಕಂಪೈಲರಿಗೆ ಕೊಡುತ್ತದೆ. ಆದರೂ ಅದರ ಹಳೆಯ ‘ಎನ್‌ಜಿ-ಸ್ವಿಚ್’ ಕವಲುಗಳಲ್ಲಿ ಟೈಪ್ ಕಿರಿದಾಗುತ್ತಿರಲಿಲ್ಲ. 2023ರ ನವೆಂಬರ್‌ನಲ್ಲಿ ಬಂದ 17ನೆಯ ಆವೃತ್ತಿಯ ಹೊಸ ‘ಸ್ವಿಚ್’ ಬರಹದಲ್ಲಿ ಆ ಕೊರತೆ ನೀಗಿತು.

ಒಂದು ತೊಡಕು ಈಗಲೂ ಇದೆ. ದಾಖಲೆಯನ್ನು ಫಂಕ್ಷನ್ ಕರೆದು ತರುತ್ತಿದ್ದರೆ, ಒಮ್ಮೆ ಬಗೆ ನೋಡಲು, ಇನ್ನೊಮ್ಮೆ ಸಂಖ್ಯೆ ತೆಗೆಯಲು ಎರಡು ಸಲ ಕರೆದಾಗ ಕಂಪೈಲರ್ ಒಪ್ಪುವುದಿಲ್ಲ. ಎರಡನೆಯ ಕರೆಗೆ ಬೇರೆ ಉತ್ತರ ಬಂದರೆ ಎಂಬ ಅದರ ಅನುಮಾನ ನ್ಯಾಯವಾದದ್ದೇ. ಒಮ್ಮೆ ಕರೆದು, ಬಂದ ಉತ್ತರಕ್ಕೆ ಹೆಸರಿಟ್ಟುಕೊಂಡು, ಆ ಹೆಸರಿನ ಮೇಲೆಯೇ ಪರೀಕ್ಷೆ ನಡೆಸಬೇಕು.

ಈ ಟೈಪುಗಳೆಲ್ಲ ಪುಟ ಬ್ರೌಸರಿಗೆ ಬರುವ ಮುನ್ನವೇ ಅಳಿಸಿಹೋಗುತ್ತವೆ ಎಂಬುದನ್ನೂ ಹೇಳಬೇಕು. ಓಡುವಾಗ ಉಳಿಯುವುದು ಬರಿಯ ಜಾವಾಸ್ಕ್ರಿಪ್ಟ್. ಸರ್ವರಿನಿಂದ ಬಂದ ದಾಖಲೆಯಲ್ಲಿ ‘ಬಗೆ’ ಅಂಕಣವೇ ಖಾಲಿಯಿದ್ದರೆ ಕಂಪೈಲರಿಗೆ ಅದು ಕಾಣುವುದೇ ಇಲ್ಲ. ಹಾಗಾಗಿ ಮಾಹಿತಿ ಒಳಬರುವ ಬಾಗಿಲಲ್ಲೇ ಒಮ್ಮೆ ತಪಾಸಣೆ ಮಾಡಿ, ಗುರುತು ಸಿಗದ ದಾಖಲೆಯನ್ನು ಬೇರೆ ಇಟ್ಟು, ಆ ಮರದ ಮುಂದೆ ‘ಮಾಹಿತಿ ಸರಿಯಿಲ್ಲ’ ಎಂದೇ ಬರೆಯಬೇಕು.