ಒಂದನೆಯ ನಂಬರಿನ ಜಗಳ

ಗಣಕಯಂತ್ರದ ಗುಂಡಿ ಒತ್ತಿದೊಡನೆ ಎಲ್ಲಕ್ಕೂ ಮೊದಲು ತಾನೆದ್ದು, ಉಳಿದ ಪ್ರೋಗ್ರಾಮುಗಳನ್ನು ಎಬ್ಬಿಸುವ ಮನೆಯ ಹಿರಿಯನೊಬ್ಬನುಂಟು. ಲಿನಕ್ಸ್ ವ್ಯವಸ್ಥೆಯಲ್ಲಿ ಅವನಿಗೆ ‘ಇನಿಟ್’ ಎಂದು ಹೆಸರು, ನಂಬರು 1.

ಹಳೆಯ ಇನಿಟ್ಟಿನ ಕ್ರಮ ನಮ್ಮಂಥ ಗುಮಾಸ್ತರಿಗೆ ಪರಿಚಿತವೇ. ಒಂದು ಮೇಜಿನ ಕೆಲಸ ತೀರಿದ ಮೇಲೆಯೇ ಕಡತ ಮುಂದಿನ ಮೇಜಿಗೆ! ನಿಧಾನ ನಿಜ, ಆದರೆ ಎಲ್ಲಿ ತಡೆಯಿತೆಂದು ಯಾರಾದರೂ ಓದಿ ತಿಳಿಯಬಹುದು. 2010ರಲ್ಲಿ ಲೆನಾರ್ಟ್ ಪೊಯೆಟರಿಂಗ್, ಕೇ ಸೀವರ್ಸ್ ಎಂಬವರು ‘ಸಿಸ್ಟಂ-ಡಿ’ಯನ್ನು ತಂದರು. ಇದು ಹಲವು ಕೆಲಸಗಳನ್ನು ಏಕಕಾಲಕ್ಕೆ ಹೊರಡಿಸುತ್ತದೆ, ನಿಂತುಹೋದದ್ದನ್ನು ಮತ್ತೆ ಎಬ್ಬಿಸುತ್ತದೆ. ಇಷ್ಟಕ್ಕೇ ನಿಂತಿದ್ದರೆ ಜಗಳವಿರುತ್ತಿರಲಿಲ್ಲವೇನೋ. ದಿನಚರಿ ಬರೆಯುವುದೂ ಬಂದವರ ಹಾಜರಿ ನೋಡುವುದೂ ಅದರ ಪಾಲಿಗೇ ಬಂದವು. ಆ ದಿನಚರಿಯನ್ನು ಓದಲು ಅದರದೇ ಉಪಕರಣ ಬೇಕು. ಬೇರೆಯವರಿಗೆ ಓದಲಾಗದ ರಿಜಿಸ್ಟರು ನಮಗೂ ಅಷ್ಟಾಗಿ ಹಿಡಿಸದು. ಒಂದು ಪ್ರೋಗ್ರಾಂ ಒಂದೇ ಕೆಲಸ ಮಾಡಲೆಂಬ ಯೂನಿಕ್ಸಿನ ಹಳಬರು ಸಿಡಿದೆದ್ದರು.

ಸ್ವಯಂಸೇವಕರೇ ಕಟ್ಟಿದ ‘ಡೆಬಿಯನ್’ ಬಳಗದಲ್ಲಿ ಮಾತು ತೀರಾ ಕಾವೇರಿತು. 2014ರ ಫೆಬ್ರವರಿಯಲ್ಲಿ ಎಂಟು ಜನರ ತಾಂತ್ರಿಕ ಸಮಿತಿಯ ಮತಗಳು ಸಿಸ್ಟಂ-ಡಿ, ಅಪ್‌ಸ್ಟಾರ್ಟ್ ಇವೆರಡರ ನಡುವೆ ಸಮನಾಗಿ ಒಡೆದವು. ಅಧ್ಯಕ್ಷ ಬ್ಡೇಲ್ ಗಾರ್ಬಿಯವರ ನಿರ್ಣಾಯಕ ಮತ ಸಿಸ್ಟಂ-ಡಿಗೆ ಬಿತ್ತು. ಸಂಘದ ಸಭೆಗಳನ್ನು ಕಂಡ ವಾಚಕರಿಗೆ ಇಂಥ ಗೆಲುವಿನ ರುಚಿ ವಿವರಿಸಬೇಕಿಲ್ಲ. ಅಪ್‌ಸ್ಟಾರ್ಟ್ ಹುಟ್ಟಿದ ಮನೆಯಾದ ಉಬುಂಟು ಸಹ 2015ರಲ್ಲಿ ಅದನ್ನು ಬಿಟ್ಟುಕೊಟ್ಟಿತು.

ಒಪ್ಪದವರು ಅದೇ ನವೆಂಬರಿನಲ್ಲಿ, ಎಂದರೆ 2014ರಲ್ಲಿಯೇ, ‘ಡೆವುವಾನ್’ ಎಂಬ ಬೇರೆ ಮನೆ ಸಾರಿದರು. ವಿಚಿತ್ರ ಪಾಲುಪಟ್ಟಿಯಿದು: ಮೂಲ ಬರಹ ಎಲ್ಲರಿಗೂ ಮುಕ್ತವಾದುದರಿಂದ ಇಬ್ಬರಿಗೂ ಇಡೀ ಮನೆಯೇ ದಕ್ಕಿತು! ದುಡಿಯುವ ಕೈಗಳು ಮಾತ್ರ ಹಂಚಿಹೋದವು. ಡೆವುವಾನಿನ ಮೊದಲ ಸ್ಥಿರ ಆವೃತ್ತಿ ಹೊರಬರುವಾಗ 2017ರ ಮೇ ತಿಂಗಳು.